ಕಾಶವ್ವನ ಕಣ್ಣಿನ ವ್ಯಾಪಾರ

ಕಾಶವ್ವನನ್ನು ಮೆಚ್ಚಬೇಕೆಂದರೆ ಮೊದಲು ಆಕೆಯ ಗಂಡನನ್ನು ಸಹಿಸಿಕೊಳ್ಳಬೇಕು. ಬಿಜಾಪುರ ಕಡೆಯ ವೀರಣ್ಣ ವಿಲಾಯತಿಯಲ್ಲಿ, ಗ್ರೀನ್‌ಫರ್ಡಿನ ಗೋದಾಮೊಂದರಲ್ಲಿ ಮೇಲ್ವಿಚಾರಕ. 2004ರಲ್ಲಿ ಅವನ ಕಂಪನಿ ಹೊಸ ಆರೋಗ್ಯವಿಮೆ ತಂದಿತು. ವರ್ಷಕ್ಕಿಷ್ಟು ಎಂದು ಅವನ ಹೆಸರಿನಲ್ಲಿ ಹಣವಿಡುತ್ತಾರೆ. ಚಿಕಿತ್ಸೆಯ ಖರ್ಚಿಗೆ ಮೊದಲು ಆ ಹಣವೇ ಕರಗಬೇಕು, ಆಮೇಲಷ್ಟೇ ವಿಮೆಯವರು ಕೈ ಬಿಚ್ಚುವುದು. ಉಳಿಸಿದರೆ ಮುಂದಿನ ವರ್ಷವೂ ಅವನದೇ.

ಹಳೆಯ ವಿಮೆಯಿದ್ದಾಗ ಸೀನಿದರೂ ತಜ್ಞರನ್ನು ಹುಡುಕುತ್ತಿದ್ದ ವೀರಣ್ಣ ಈಗ ಕೆಮ್ಮಿಗೆ ಮೆಣಸಿನ ಕಷಾಯಕ್ಕೆ ಇಳಿದ. ಕ್ವೀನ್ಸ್‌ಬರಿಯ ಕನ್ನಡ ಕೂಟದಲ್ಲಿ ಊಟಕ್ಕೆ ಸಾಲು ನಿಂತವರಿಗೆ ಭಾಷಣ ಬೇರೆ: "ನಾವೀಗ ಪೇಷಂಟ್ ಅಲ್ರೀ, ಗಿರಾಕಿ!"

ಇಷ್ಟರಲ್ಲಿ ಕಾಶವ್ವನ ಕಣ್ಣಿಗೆ ಪೊರೆ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಉದ್ದ. ಗಿರಾಕಿ ವೀರಣ್ಣ ಖಾಸಗಿ ಆಸ್ಪತ್ರೆಗಳಿಗೆ ಫೋನು ಹಚ್ಚಿ ದರ ವಿಚಾರಿಸತೊಡಗಿದ. ಬೇಸಿಗೆ ಹೋಗಿ ಚಳಿ ಬಂತು, ವಿಚಾರಣೆ ಮುಗಿಯಲಿಲ್ಲ. ರೊಟ್ಟಿ ಬೆಂದದ್ದನ್ನು ಕಾಶವ್ವ ವಾಸನೆಯಿಂದಲೇ ತಿಳಿಯುತ್ತಿದ್ದಳು. ಒಂದು ದಿನ ಕೈಯೇ ಹಂಚಿಗೆ ತಾಗಿತು.

"ಇನ್ನೊಂದು ಆಸ್ಪತ್ರಿ ಕೇಳೂಣು ತಡಿ," ಎಂದ ವೀರಣ್ಣ.

"ಕೇಳ್ರಿ. ಅಷ್ಟರಾಗ ನಿಮ್ಮ ಮಾರಿ ಮರತ ಹೋಗತೈತಿ. ದೊಡ್ಡ ನಷ್ಟೇನಿಲ್ಲ ಬಿಡ್ರಿ."

ಕೊನೆಗೆ ಪಿನ್ನರಿನಲ್ಲಿದ್ದ ಕಣ್ಣಿನ ತಜ್ಞ, ಮೈಸೂರಿನ ಡಾಕ್ಟರ್ ಶೇಷಾದ್ರಿಯವರ ಮುಂದೆ ಇಬ್ಬರೂ ಕುಳಿತರು. ವೀರಣ್ಣ ದನದ ದಲ್ಲಾಳಿಯ ಮಗ. ಸಂತೆಯಲ್ಲಿ ಅಪ್ಪ ಮಾಡುತ್ತಿದ್ದಂತೆ ಕೋಟಿನ ಜೇಬಿನಿಂದ ಟವೆಲ್ ತೆಗೆದು, ಡಾಕ್ಟರ ಕೈಮೇಲೆ ಹೊದಿಸಿ, ಒಳಗೆ ಅವರ ಬೆರಳು ಹಿಡಿದ. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ನೋಡುವವರಿಗೆ ಗುಟ್ಟು ತಿಳಿಯದು.

"ಏನ್ರೀ ಇದು! ನಾನು ಆಪರೇಷನ್ ಮಾಡೋನು, ಎತ್ತು ಮಾರೋನಲ್ಲ!"

"ಹಲ್ಲು ನೋಡಂಗಿಲ್ರೀ ಸರ್, ರೇಟ್ ಹೇಳ್ರಿ ಸಾಕು."

ಕಾಶವ್ವ ತಡಕಾಡಿ ಗಂಡನ ಕೈಯನ್ನು ಹೊರಗೆಳೆದು ತನ್ನದನ್ನು ಟವೆಲ್ಲಿನೊಳಗೆ ತೂರಿಸಿದಳು. "ಸರೀರಿ ಅತ್ಲಾಗ. ಕಣ್ಣು ನಂದು, ವ್ಯಾಪಾರನೂ ನಂದ." ಕ್ಷಣ ಬಿಟ್ಟು ಟವೆಲ್ ಮಡಚಿಟ್ಟಳು. "ಮುಗೀತು. ಮಂಗಳವಾರ ಬರ್ತೀವ್ರಿ."

ಆ ಮಂಗಳವಾರ ಪೊರೆ ಹೋಯಿತು; ಅದರೊಂದಿಗೆ ವೀರಣ್ಣ ಕೂಡಿಟ್ಟದ್ದೂ ಹೋಯಿತು. ಶೇಷಾದ್ರಿಯವರು ದರದಲ್ಲಿ ಒಂದು ಪೆನ್ನಿಯನ್ನೂ ಇಳಿಸಿರಲಿಲ್ಲ. "ಆಕೆ ಬೆಲೆ ಎಲ್ಲಿ ಕೇಳಿದ್ರು?" ಎನ್ನುತ್ತಾರೆ ಅವರು. "ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡ್ಕೊಂಡ್ರು. ಅಷ್ಟೇ."

ಮುಂದಿನ ಕೂಟದಲ್ಲಿ ವೀರಣ್ಣನ ಭಾಷಣ ಬದಲಾಗಿತ್ತು. "ನಮ್ಮಾಕಿ ಟವೆಲ್ಲಿನಾಗ ಕೈ ಹಾಕಿರಲಿಲ್ಲಂದ್ರ ಬಿಲ್ಲು ಡಬಲ್ ಆಗ್ತಿತ್ತ್ರೀ! ಹೌದಿಲ್ಲೋ?"

ಬಡಿಸುತ್ತಿದ್ದ ಕಾಶವ್ವ ನಿಂತು, ಗಂಡನ ಮುಖವನ್ನು ಹಣೆಯಿಂದ ಗಲ್ಲದವರೆಗೆ ಸಾವಕಾಶವಾಗಿ ನೋಡಿದಳು.

"ಹೌದ್ರೀ," ಎಂದು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.