ಸೇವ್ ಮಾಡದ ಮೂರು ದಿನ

ಅಂಗಡಿಗಳ ಪ್ರಚಾರಕ್ಕೆ ಆಟೋ ಮೇಲೆ ಮೈಕ್ ಕಟ್ಟಿಕೊಂಡು ಊರು ಸುತ್ತುತ್ತಾರಲ್ಲ, ಅದರಲ್ಲಿ ಕೇಳುವ ದನಿ ಎಷ್ಟೋ ಸಲ ನನ್ನದೇ ಆಗಿರುತ್ತದೆ. ಸೀರೆ ಅಂಗಡಿಗೆ, ಟ್ಯೂಷನ್ನಿಗೆ, ಹೊಸ ಹೋಟೆಲಿಗೆ 'ಬನ್ನಿ, ಇಂದೇ ಬನ್ನಿ' ಎಂದು ವರ್ಷಗಟ್ಟಲೆ ಮೈಸೂರಿನ ಜನರನ್ನು ಕರೆದಿದ್ದೇನೆ. ಶ್ರೀರಾಂಪುರದ ನಮ್ಮ ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ. ಸದ್ದು ಮಾರ್ದನಿಸದಂತೆ ಗೋಡೆಗೆ ಹಳೆಯ ರಜಾಯಿ ಹೊಡೆದಿದ್ದೇನೆ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಅದರೊಳಗೆ ರೆಕಾರ್ಡ್ ಮಾಡಿದ ದನಿಯನ್ನು ಕತ್ತರಿಸಿ ಜೋಡಿಸುವ ಒಂದು ಸಾಫ್ಟ್‌ವೇರು.

ಎರಡು ಬೀದಿ ಆಚೆ ಅಕ್ಕನ ಮನೆ. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳು ಪಾಠ ಶುರು ಮಾಡಿದರೆ ಪಕ್ಕದ ತರಗತಿಯ ಮೇಷ್ಟ್ರು ಬಾಗಿಲು ಮುಚ್ಚಿಕೊಳ್ಳುತ್ತಿದ್ದರಂತೆ. ಹೋದ ವರ್ಷ ಆ ದನಿ ಒಡೆಯಿತು. ಶೀತ ಎಂದುಕೊಂಡೆವು. ಗಂಟಲಲ್ಲಿ ಗೆಡ್ಡೆಯಿತ್ತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು.

ಆಪರೇಷನ್ನಿಗೆ ನಾಲ್ಕು ದಿನ ಇದ್ದಾಗ ಅವಳನ್ನು ನನ್ನ ಕೋಣೆಗೆ ಕರೆತಂದು ಮೈಕಿನ ಮುಂದೆ ಕೂರಿಸಿದೆ.

"ನಾನೇನ್ ಮಾತಾಡ್ಲೋ? ಇದನ್ನ ನೋಡಿದ್ರೆ ನಾಲ್ಗೆ ಒಣ್ಗೋಯ್ತದೆ."

"ಏನಾದ್ರೂ ಮಾತಾಡು. ಸುಮ್ನೆ ನಂಜೊತೆ ಮಾತಾಡ್ದಂಗೆ."

ಮೊದಲ ದಿನ ತಡವರಿಸಿದಳು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಟೈಲ್ಸ್ ಕತ್ತರಿಸುವ ಸದ್ದು ಬಂದಾಗಲೆಲ್ಲ ನಿಲ್ಲಿಸಬೇಕಾಗುತ್ತಿತ್ತು. ಎರಡನೆಯ ದಿನ ಸರಾಗವಾಯಿತು. ಅವ್ವ ಉಪ್ಸಾರು ಮಾಡುತ್ತಿದ್ದುದು, ನಾವಿಬ್ಬರೂ ಊರಿಂದ ಶಾಲೆಗೆ ನಡೆದು ಬರುವಾಗ ನಾನು ಚಪ್ಪಲಿಯನ್ನು ನಾಲೆಗೆ ಬಿಟ್ಟದ್ದು, ಮದುವೆಯಾದ ಹೊಸತರಲ್ಲಿ ತಾನು ಭಾವನನ್ನು ಏನೆಂದು ಕರೆಯಬೇಕೋ ತಿಳಿಯದೆ ತಿಂಗಳುಗಟ್ಟಲೆ 'ನೋಡಿ ಇಲ್ಲಿ' ಎಂದೇ ಕರೆದದ್ದು, ಎಲ್ಲ ಹೇಳಿದಳು. ಕೆಮ್ಮುತ್ತಾ ನಗುತ್ತಿದ್ದಳು.

ಮೂರನೆಯ ದಿನ, "ನೀನು ಒಸಿ ಆಚೆ ಇರು. ನಾನೊಬ್ಳೇ ಮಾತಾಡ್ಬೇಕು" ಅಂದಳು. ಬಾಗಿಲೆಳೆದುಕೊಂಡು ಹೊರಗೆ ಕೂತೆ. ಅರ್ಧ ಗಂಟೆಯಾದ ಮೇಲೆ ಬಂದಳು. ಕಣ್ಣು ಕೆಂಪಾಗಿತ್ತು. ಏನು ಮಾತಾಡಿದಳೆಂದು ನಾನು ಕೇಳಲಿಲ್ಲ. ಅವಳನ್ನು ಮನೆಗೆ ಬಿಡುವ ಆತುರದಲ್ಲಿ ಲ್ಯಾಪ್‌ಟಾಪನ್ನು ಹಾಗೇ ಮಡಚಿಟ್ಟೆ.

ಆಪರೇಷನ್ ಆಯಿತು. ಹದಿನೈದು ದಿನ ಆಸ್ಪತ್ರೆಯಲ್ಲೇ ಇದ್ದೆವು. ಅಕ್ಕ ಕುತ್ತಿಗೆಯಲ್ಲಿ ಉಸಿರಾಟಕ್ಕೆ ಒಂದು ತೂತು ಮಾಡಿಸಿಕೊಂಡು, ಕೈಯಲ್ಲೊಂದು ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದಳು. ಮಾರನೆಯ ದಿನ ನಾನು ಲ್ಯಾಪ್‌ಟಾಪ್ ತೆಗೆದೆ. ಬ್ಯಾಟರಿ ಸತ್ತಿತ್ತು. ಚಾರ್ಜಿಗೆ ಹಾಕಿ ಸಾಫ್ಟ್‌ವೇರ್ ಒತ್ತಿದೆ. ಪರದೆಯ ನಡುವೆ ಅದರ ಹೆಸರು ಮೂಡಿತು, ಕೆಳಗಿನ ಗೆರೆ ಅರ್ಧದವರೆಗೆ ಓಡಿತು, ಎಲ್ಲವೂ ಮಾಯವಾಯಿತು. ಮತ್ತೆ ಒತ್ತಿದೆ. ಮತ್ತೆ ಹಾಗೆಯೇ.

ಲ್ಯಾಪ್‌ಟಾಪನ್ನು ಆಫ್ ಮಾಡಿ ಆನ್ ಮಾಡಿದೆ. ಮೈಕಿನ ವೈರು ಕಿತ್ತು ನೋಡಿದೆ. ಸಾಫ್ಟ್‌ವೇರನ್ನೇ ತೆಗೆದು ಹೊಸದಾಗಿ ಹಾಕಿದೆ. ಇಂಟರ್‌ನೆಟ್ಟಿನಲ್ಲಿ ಯಾರು ಯಾರೋ ಹೇಳಿದ್ದನ್ನೆಲ್ಲ ಮಾಡಿದೆ. ನಾಲ್ಕನೆಯ ದಿನ, ನಾನು ಯಾವಾಗಲೂ ಹೋಗುವ ರಿಪೇರಿಯವರ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಮೆಷಿನ್ ಚೆನ್ನಾಗದೆ ಸಾರ್. ಇದು ಯಾವ್ದೋ ಅರ್ಧಕ್ಕೆ ನಿಂತಿರೋ ಕೆಲ್ಸನ ತೆಗೆಯಕ್ಕೋಗಿ ಬಿದ್ದೋಯ್ತಾ ಅದೆ. ಅದರ ಟೆಂಪರರಿ ಫೋಲ್ಡರ್ ಅಳಿಸ್ಬುಟ್ರೆ ಸರಿಹೋಯ್ತದೆ."

"ರೆಕಾರ್ಡಿಂಗ್‌ಗೆ ಏನೂ ಆಗಲ್ಲ ತಾನೆ?"

"ಸೇವ್ ಮಾಡಿದ್ದೀರಲ್ವ?"

"ಹೂಂ" ಅಂದೆ. ಸುಳ್ಳು ಹೇಳಲಿಲ್ಲ. ಯಾವ ಕೆಲಸವನ್ನೂ ಸೇವ್ ಮಾಡದೆ ಎದ್ದವನಲ್ಲ ನಾನು. ಮಾಡಿರುತ್ತೇನೆ ಎಂದೇ ನಂಬಿದ್ದೆ.

ಅವರು ಮೌಸನ್ನು ನನ್ನ ಕಡೆ ತಳ್ಳಿದರು. ಫೋಲ್ಡರನ್ನು ಅಳಿಸಲು ಹೋದಾಗ, ಇದು ಕಸದ ಬುಟ್ಟಿಗೆ ಹಿಡಿಸದಷ್ಟು ದೊಡ್ಡದಿದೆ, ಶಾಶ್ವತವಾಗಿ ಅಳಿಸಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಅಷ್ಟು ದೊಡ್ಡದು ಯಾಕಿದೆ ಎಂದು ನನಗೆ ಹೊಳೆಯಬೇಕಿತ್ತು. ಹೌದು ಎಂದು ಒತ್ತಿದೆ.

ಸಾಫ್ಟ್‌ವೇರ್ ಚಕ್ಕನೆ ತೆರೆದುಕೊಂಡಿತು. "ನೋಡಿ, ಅಷ್ಟೇಯ" ಎಂದು ಅವರು ನಕ್ಕರು. ನಾನು ಹಳೆಯ ಫೈಲುಗಳ ಪಟ್ಟಿ ತೆಗೆದೆ. ಮೇಲುಗಡೆ ಇದ್ದದ್ದು ಒಂದು ಸೀರೆ ಅಂಗಡಿಯ ಪ್ರಚಾರ. ಅದು ಅಕ್ಕನನ್ನು ಕರೆತರುವ ಹಿಂದಿನ ದಿನದ್ದು. ಅದರ ನಂತರ ಏನೂ ಇರಲಿಲ್ಲ. ಮೂರು ದಿನವೂ ಸಾಫ್ಟ್‌ವೇರನ್ನು ಮುಚ್ಚದೆ ಬರೀ ಲ್ಯಾಪ್‌ಟಾಪ್ ಮಡಚಿದ್ದೆ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಸೇವ್ ಮಾಡಿದರಾಯಿತು ಎಂದುಕೊಂಡಿದ್ದು ಆಗ ನೆನಪಾಯಿತು. ಅಲ್ಲಿಯವರೆಗೆ ಸಾಫ್ಟ್‌ವೇರು ಬಿದ್ದು ಬಿದ್ದು ಎತ್ತಲು ನೋಡುತ್ತಿದ್ದದ್ದು ಆ ಫೋಲ್ಡರಿನಲ್ಲಿದ್ದ ಅಕ್ಕನ ಮಾತನ್ನೇ.

ಅಳಿಸಿದ್ದನ್ನು ಹುಡುಕಿ ತೆಗೆಯಲು ರಿಪೇರಿಯವರು ಎರಡು ದಿನ ಕಷ್ಟಪಟ್ಟರು. ಸಿಕ್ಕಿದ್ದು ಕೆಲವು ಚೂರುಗಳು. ಕರಕರ ಸದ್ದು, ಟೈಲ್ಸ್ ಮೆಷಿನ್ನು, ನಡುವೆ ಒಂದು ಕಡೆ ಸ್ಪಷ್ಟವಾಗಿ ನನ್ನ ದನಿ: "ಹೂಂ, ಶುರು ಮಾಡು."

"ಬೇಜಾರಾಗ್ಬೇಡಿ ಸಾರ್. ಫೋನಲ್ಲಿ ಎಲ್ಲಾದ್ರೂ ಇರ್ತದೆ, ನೋಡಿ" ಅಂದರು. ನೋಡಿದೆ. ಹಾಲು ತಾ, ಗ್ಯಾಸಿನವನು ಬಂದಿದ್ದ, ಅಕ್ಕ ಕಳಿಸಿದ್ದ ಇಂಥ ವಾಯ್ಸ್ ಮೆಸೇಜುಗಳು ನಾಲ್ಕು ಇದ್ದವು. ನಾಲ್ಕೂ ಸೇರಿಸಿದರೆ ಅರ್ಧ ನಿಮಿಷವಿಲ್ಲ.

ಅಕ್ಕನಿಗೆ ಹೇಳಲು ಒಂದು ವಾರ ಹಿಡಿಯಿತು. ನಾನು ಹೋದಾಗಲೆಲ್ಲ ನೋಟ್‌ಬುಕ್ಕಿನಲ್ಲಿ 'ಕೇಳಿದೆಯಾ?' ಎಂದು ಬರೆದು ತೋರಿಸುತ್ತಿದ್ದಳು. ಕೊನೆಗೊಂದು ಭಾನುವಾರ, ನಡೆದದ್ದನ್ನೆಲ್ಲ ಹೇಳಿದೆ. ಅಳಿಸಿದ್ದು ನಾನೇ ಎಂದೂ ಹೇಳಿದೆ.

'ಎಲ್ಲಾನಾ?' ಎಂದು ಬರೆದಳು.

"ಎಲ್ಲಾ ಅಕ್ಕ."

ಪೆನ್ನಿನ ಮುಚ್ಚಳ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲು ಅವಳಲ್ಲಿ ಏನೂ ಉಳಿದಿರಲಿಲ್ಲ. ನಾನೇ ಮೆಲ್ಲಗೆ, "ಆವತ್ತು ಒಬ್ಳೇ ಏನ್ ಮಾತಾಡ್ದೆ? ಬರ್ದುಬುಡು, ನಾನೇ ಜೋಪಾನ ಮಾಡ್ತೀನಿ" ಅಂದೆ.

ಅವಳು ಪೆನ್ನು ಹಿಡಿದು ತುಂಬ ಹೊತ್ತು ಹಾಳೆಯನ್ನೇ ನೋಡಿದಳು. ಆಮೇಲೆ ಬರೆದಳು: 'ಅದು ಬರೆಯೋ ಮಾತಲ್ಲ ಕಣೋ. ಹೇಳೋ ಮಾತು.'

ಹೊರಡುವಾಗ ಭಾವ ಗೇಟಿನವರೆಗೂ ಬಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು.

"ಅದ್ರಲ್ಲಿ ನಂಗೇನಾದ್ರೂ ಹೇಳಿದ್ಲಾ?"

"ಗೊತ್ತಿಲ್ಲ ಭಾವ. ನಾನು ಆಚೆ ಇದ್ದೆ."

ಅವರು ತಲೆಯಾಡಿಸಿ ಗೇಟು ಹಾಕಿಕೊಂಡರು.

ಕುತ್ತಿಗೆಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ಕೊಡಿಸಿದರು. ಅಕ್ಕ ಒಮ್ಮೆ ಪ್ರಯತ್ನಿಸಿದಳು. ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗಿತ್ತು ಆ ಸದ್ದು. ಯಂತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಶಾಲೆಯ ಕೆಲಸಕ್ಕೂ ರಾಜೀನಾಮೆ ಬರೆದುಕೊಟ್ಟಳು.

ಭಾನುವಾರ ಈಗಲೂ ಹೋಗುತ್ತೇನೆ. ನಾನು ಮಾತಾಡುವಾಗ ಅಕ್ಕ ನನ್ನ ಬಾಯನ್ನೇ ನೋಡುತ್ತಾಳೆ. ಅದಕ್ಕೇ ಅಲ್ಲಿ ಹೆಚ್ಚು ಮಾತಾಡುವುದಿಲ್ಲ. ಟಿವಿ ಹಾಕಿಕೊಂಡು ಮೂವರೂ ಕೂತಿರುತ್ತೇವೆ, ಕಾಫಿ ಕುಡಿದು ಎದ್ದು ಬರುತ್ತೇನೆ.