ನೀರು ಕುಡಿಯುವ ಕಂಪ್ಯೂಟರು

ಸವದತ್ತಿಯ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಹೊಸದಾಗಿ ಒಂದು ಮೋಟರ್ ರಿವೈಂಡಿಂಗ್ ಅಂಗಡಿ ಆಗಿದೆ. ಸುಟ್ಟ ಮೋಟರಿನ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಶ್ ಹೊಯ್ದು ಒಣಗಲಿಕ್ಕೆ ಇಡುತ್ತಾರಲ್ಲ, ಆ ವಾಸನೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ನಿಮ್ಮ ಮನೆಯ ಪಂಪ್‌ಸೆಟ್ ಇನ್ನೂ ಸುಟ್ಟಿಲ್ಲ. ಸಿಹಿಯೂ ಅಲ್ಲದ, ಘಾಟೂ ಅಲ್ಲದ, ಗಂಟಲಿನ ಹಿಂದೆ ಹೋಗಿ ಕೂಡುವ ವಾಸನೆ. ಅದು ಮೂಗಿಗೆ ಬಡಿದ ದಿನ ನನಗೆ ಊಟ ರುಚಿಸುವುದಿಲ್ಲ. ಹೆಂಡತಿ ಇದನ್ನು ಪಿತ್ತ ಎಂದು ತಿಳಿದು ಜೀರಿಗೆ ಕಷಾಯ ಮಾಡಿಕೊಡುತ್ತಾಳೆ. ಕುಡಿಯುತ್ತೇನೆ. ಆದರೆ ಅದು ಪಿತ್ತವಲ್ಲ, ಹೊಟ್ಟೆಕಿಚ್ಚು. ಇಪ್ಪತ್ತು ವರ್ಷದ ಹಳೆಯದು. ಕಷಾಯಕ್ಕೆ ಬಗ್ಗುವ ಜಾತಿಯದಲ್ಲ.

ಮೊದಲು ನನ್ನ ದೊಡ್ಡಸ್ತಿಕೆ ಹೇಳಿಬಿಡುತ್ತೇನೆ, ಅದನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಮುರಗೋಡದ ಹತ್ತಿರದ ನಮ್ಮ ಹಳ್ಳಿಯಲ್ಲಿ, ನಮ್ಮ ಮನೆತನದೊಳಗೆ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಅಪ್ಪ ಹೆಬ್ಬೆಟ್ಟು. ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ದೂರದಲ್ಲಿ ಬಸ್ಸಿನ ಸಪ್ಪಳ ಕೇಳಿದ ಮೇಲೆ ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ಬೈಲಹೊಂಗಲದ ಕಾಲೇಜಿಗೆ ಮೂರು ವರ್ಷ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗಿ ಬಿ.ಎಸ್ಸಿ. ಮುಗಿಸಿದೆ. ಒಂದು ವಿಷಯವನ್ನು ಎರಡು ಸಲ ಬರೆಯಬೇಕಾಯಿತು, ಮುಚ್ಚಿಟ್ಟು ಏನು ಮಾಡಲಿ. ಆಮೇಲೆ ಧಾರವಾಡದಲ್ಲಿ ಒಂದು ವರ್ಷದ ಕಂಪ್ಯೂಟರ್ ಡಿಪ್ಲೊಮಾ. ತಿರುಗಿ ಬಂದು ಬೈಲಹೊಂಗಲದ ಬಜಾರದಲ್ಲಿ ಒಂದು ಮಾಳಿಗೆ ಹಿಡಿದು, ಮೂರು ಕಂಪ್ಯೂಟರ್ ಇಟ್ಟು ಕ್ಲಾಸು ತೆರೆದೆ. ಬಂದವರು ಚಪ್ಪಲಿ ಹೊರಗೆ ಬಿಡಬೇಕು. ಮಾನಿಟರುಗಳಿಗೆ ಹೂವಿನ ಅಂಚಿನ ಬಟ್ಟೆ. ಗೋಡೆಯ ಮೇಲೆ ಗಾಜು ಹಾಕಿಸಿದ ನನ್ನ ಡಿಗ್ರಿ. ಮೆಟ್ಟಿಲು ಹತ್ತಿದವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದೇ ಎಂದು ಬಾಗಿಲಿನ ಎದುರಿಗೇ ಮೊಳೆ ಹೊಡೆದಿದ್ದೆ. ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ. ತಾಲೂಕಿನಲ್ಲಿ ಕಂಪ್ಯೂಟರ್ ಎಂದರೆ ನಾನೇ ಎಂದು ತಾಲೂಕು ತಿಳಿದಿತ್ತೋ ಇಲ್ಲವೋ, ನಾನಂತೂ ತಿಳಿದಿದ್ದೆ.

ಮಾಳಿಗೆಯ ಕೆಳಗೆ ಅಡಿವೆಪ್ಪನ ಮೋಟರ್ ಅಂಗಡಿ. ನಮ್ಮ ಊರವನೇ, ಮುರಗೋಡದ ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಸಾಲಿ ಬಿಟ್ಟಿದ್ದ. ಸುತ್ತಲ ಹತ್ತು ಊರಿನ ಪಂಪ್‌ಸೆಟ್ಟುಗಳು ಅವನ ಕೈಯಲ್ಲಿ ಜೀವ ಹಿಡಿದಿದ್ದವು. ನನ್ನನ್ನು ಅವನು ಕರೆಯುತ್ತಿದ್ದದ್ದು 'ಸರ' ಎಂದು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ನಾನು ಗೌರವದ ಅರ್ಧವನ್ನಷ್ಟೇ ಇಟ್ಟುಕೊಳ್ಳುತ್ತಿದ್ದೆ.

ಸಂಜೆ ಅಂಗಡಿಗೆ ಬೀಗ ಹಾಕಿ, ಸೀಮೆಎಣ್ಣೆಯಿಂದ ಕೈ ತೊಳೆದುಕೊಂಡು ಅವನು ಮೇಲೆ ಬರುತ್ತಿದ್ದ. ನನ್ನ ಮೂರು ಕಂಪ್ಯೂಟರುಗಳ ಪೈಕಿ ಒಂದರಲ್ಲಿ ಕಾರ್ ಓಡಿಸುವ ಆಟವಿತ್ತು. ಅದನ್ನು ಆಡಲಿಕ್ಕೆ. ಬೈಲಹೊಂಗಲದ ಬೇಸಿಗೆ ನಿಮಗೆ ಹೇಳಬೇಕಿಲ್ಲ. ಮೂರನೆಯ ಸುತ್ತಿಗೆ ಯಂತ್ರ ತಪ್ಪದೆ ನಿಂತುಬಿಡುತ್ತಿತ್ತು.

"ಯಾಕೋ ಸರ, ನಿನ್ನ ಗಾಡಿ ನಿಂತ್ತಲ್ಲ."

"ಗರಂ ಆಗೇತಿ. ಹತ್ತ ನಿಮಿಷ ಬಿಡು."

ಅವನು ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟ. ಕೂಸಿಗೆ ಜ್ವರ ನೋಡುವ ಹಾಗೆ ಮಗ್ಗುಲು, ಹಿಂಬದಿ ಎಲ್ಲ ಮುಟ್ಟಿ ನೋಡಿದ.

"ಗಾಳೀಲೆ ಇದು ತಣ್ಣಗ ಆಗೂದಿಲ್ಲಪಾ. ಬ್ಯಾಸಗ್ಯಾಗ ನಮ್ಮ ಗಾಳೀನ ಕೆಂಡ ಇರತೈತಿ. ಬೋರಿನ ಮೋಟರ್ ಹೆಂಗ ಬಾಳತೈತಿ ಹೇಳು? ಒಳಗ ನೀರ ತುಂಬೇ ಇಳಸತೇವಿ. ಇದಕ್ಕೂ ನೀರ ಹಾಯಸೋಣ."

ನಾನು ನಕ್ಕೆ. ಸಾಲದೆಂದು ನನ್ನ ವಿದ್ಯಾರ್ಥಿಗಳಿಗೂ ಹೇಳಿ ನಗಿಸಿದೆ. ಅವನೂ ನಕ್ಕ.

"ನಗ್ರಿ, ನಗ್ರಿ. ಕರೆಂಟೂ ನೀರೂ ಕೂಡ್ಸೇ ನಾ ದಿನಾ ರೊಟ್ಟಿ ತಿನ್ನಾಂವ."

ಅವನ ಬಾಯಿ ಮುಚ್ಚಿಸಲೆಂದೇ ಮರುದಿನ ಇಂಟರ್‌ನೆಟ್ ಅಂಗಡಿಗೆ ಹೋಗಿ ಹುಡುಕಿದೆ. ಇದು ಆಗದ ಕೆಲಸ ಎಂದು ಇಂಗ್ಲಿಷಿನಲ್ಲಿ ಬರೆದದ್ದು ಸಿಕ್ಕರೆ ಸಾಕಿತ್ತು. ಸಿಕ್ಕಿದ್ದು ಬೇರೆ. ಹೊರದೇಶದಲ್ಲಿ ಆಟದ ಹುಚ್ಚಿನವರು ಮನೆಯಲ್ಲೇ ಕೂತು ಕಂಪ್ಯೂಟರಿಗೆ ನೀರು ಹಾಯಿಸುತ್ತಿದ್ದರು. ಬಿಸಿಯಾಗುವ ಚಿಪ್ಪಿನ ಮೇಲೆ ಒಂದು ಟೊಳ್ಳಾದ ತಾಮ್ರದ ಗಟ್ಟಿ, ಅದರೊಳಗೆ ಹರಿಯುವ ನೀರು, ಆ ನೀರನ್ನು ತಣಿಸಲು ಕಾರಿನದರಂಥ ಚಿಕ್ಕ ರೇಡಿಯೇಟರು, ತಿರುಗಿಸಲು ಒಂದು ಪುಟ್ಟ ಪಂಪು. ಆರು ಹಾಳೆ ಪ್ರಿಂಟು ತೆಗೆಸಿದೆ. ಮೆಟ್ಟಿಲಿಳಿಯುವಾಗ ಮೊದಲ ಸಲ ಒಳಗೆ ಏನೋ ಚುರ್ ಎಂದಿತು. ನನ್ನ ನಾಲ್ಕು ವರ್ಷದ ಓದಿಗೆ ಹೊಳೆಯದ್ದು ಇವನ ಅಂಗೈಗೆ ಹೊಳೆದಿತ್ತು.

ಹಾಳೆಗಳನ್ನು ತೋರಿಸದೆ ಇರಬಹುದಿತ್ತು. ಆದರೆ ಸುದ್ದಿ ತಂದವನು ನಾನೆಂದಾದರೂ ಆಗಲಿ ಎಂಬ ಆಸೆ. ಕೊಟ್ಟೆ.

ಅಡಿವೆಪ್ಪ ಅಂಗಡಿಯ ಸಿಮೆಂಟು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ನಕ್ಷೆ ಬರೆದ, ಬಾವಿಯಿಂದ ಹೊಲಕ್ಕೆ ಪೈಪು ಎಳೆಯುವಾಗ ಬರೆಯುತ್ತಿದ್ದ ಹಾಗೆಯೇ. ಸ್ಟಾರ್ಟರ್ ಪೆಟ್ಟಿಗೆಯ ದಪ್ಪ ತಾಮ್ರದ ಪಟ್ಟಿಯನ್ನು ಕೊರೆದು, ಅರದಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಏರ್‌ಕೂಲರಿನ ಪಂಪನ್ನು ಬಿಚ್ಚಿ, ಸಪ್ಪಳ ಬಾರದಂತೆ ಹೊಸದಾಗಿ ಸುತ್ತಿದ. ಗೋಡೆ ಕಟ್ಟುವ ಗವಂಡಿಗಳು ಮಟ್ಟ ಹಿಡಿಯುವ ಪಾರದರ್ಶಕ ನಳಿಗೆಯೇ ಪೈಪು. ಟ್ರಂಕು ಮಾಡುವವನಿಂದ ಡಬ್ಬಿ ಮಾಡಿಸಿ ಪಂಪ್‌ಸೆಟ್ಟಿನ ಹಸಿರು ಬಣ್ಣ ಹೊಡೆದ. ನನ್ನ ಡಿಗ್ರಿಗೆ ಗಾಜು ಹಾಕಿಕೊಟ್ಟವನೇ ಅದರ ಒಂದು ಮಗ್ಗುಲಿಗೂ ಗಾಜು ಕತ್ತರಿಸಿಕೊಟ್ಟ. ಒಳಗಿನ ಕಂಪ್ಯೂಟರ್ ಸಾಮಾನುಗಳನ್ನು ಹುಬ್ಬಳ್ಳಿಯಿಂದ ಆರಿಸಿ ತಂದವನು ನಾನು. ಅದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆದಿಟ್ಟಿದ್ದೇನೆ.

ಅವನು ಕೆಲಸ ಮಾಡುತ್ತಿದ್ದ, ನಾನು ಖಾಲಿ ಡ್ರಮ್ಮಿನ ಮೇಲೆ ಕೂತು ಹಾಳೆ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವು ಒಳ್ಳೆಯ ಸಂಜೆಗಳಾಗಿದ್ದವು, ಮಂದಿ ಕೂಡುವ ತನಕ. ಮನೋಳಿಯಿಂದ, ಕಟಕೋಳದಿಂದ ಸುಟ್ಟ ಮೋಟರ್ ಹೊತ್ತು ತಂದವರೆಲ್ಲ ನಿಂತು ನೋಡತೊಡಗಿದರು. ನನ್ನ ವಿದ್ಯಾರ್ಥಿಗಳು ಕ್ಲಾಸು ತಪ್ಪಿಸಿ ಕೆಳಗೆ ತಾಮ್ರ ಉಜ್ಜುವುದನ್ನು ನೋಡುತ್ತಿದ್ದರು. ಒಂದು ದಿನ ಕಟಕೋಳದ ಮುದುಕನೊಬ್ಬ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿ, ಎಲೆ ಅಡಿಕೆಯನ್ನು ದವಡೆಯ ಒಂದು ಕಡೆಗೆ ಸರಿಸಿಕೊಂಡು ಕೇಳಿದ:

"ಸಾಹೇಬ್ರ, ಹಂಗಾದ್ರ ಮಾಡಾಂವ ಇಂವ, ನೀವು ಬರೇ ಓದಾವ್ರು ಏನ್ರಿ?"

ಎಲ್ಲರೂ ನಕ್ಕರು. ಮುದುಕ ನಗಿಸಲು ಕೇಳಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದ. ಅದೇ ನನಗೆ ಹೆಚ್ಚು ತಾಗಿತು.

ಅದರ ಮರುದಿನವೇ ಇರಬೇಕು, ಅಡಿವೆಪ್ಪ ಬೆಳಗಾವಿಯ ಗುಜರಿಯಿಂದ ಒಂದು ಚಿಕ್ಕ ರೇಡಿಯೇಟರ್ ತಂದ. ಯಾವುದೋ ವ್ಯಾನಿನದು, ಅಲ್ಯೂಮಿನಿಯಮ್ಮಿನದು. ತಿರುವಿ ತಿರುವಿ ನೋಡಿದ. ಜೋಡಿಸದೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತ.

"ನಮ್ಮ ಗಟ್ಟಿ ತಾಮ್ರದ್ದು, ಇದು ಅಲ್ಯೂಮಿನಿಯಂ. ವಾಯರಿನ್ಯಾಗ ಇವೆರಡೂ ಕೂಡಿಸಿದ್ರ ಜಾಯಿಂಟಿನ್ಯಾಗ ಬಿಳೀ ಪುಡಿ ಬರತೈತಿ. ನೀರಿನ್ಯಾಗ ಹೆಂಗೋ ಏನೋ. ನಿನ್ನ ಹಾಳ್ಯಾಗ ಏನರ ಬರದಾರೇನ ನೋಡು."

ಬರೆದಿದ್ದರು. ನಾಲ್ಕನೆಯ ಹಾಳೆಯ ಕೆಳಗೆ, ದಪ್ಪ ಅಕ್ಷರದಲ್ಲಿ, ಐದು ಸಾಲು. ಮಧ್ಯಾಹ್ನವೇ ಓದಿದ್ದೆ. ಅವನು ಕೇಳಿದಾಗ ಆ ಹಾಳೆ ನನ್ನ ಕೈಯಲ್ಲೇ ಇತ್ತು. ಕಣ್ಣನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ಇಳಿಸಿದೆ. ಓದುವವನಂತೆ ತುಟಿಯನ್ನೂ ಆಡಿಸಿದೆ.

"ಏನೂ ಬರದಿಲ್ಲ. ನಡೀತೈತಿ."

"ಖರೇ?"

"ಖರೇ."

"ಮುಗೀತ ಹಂಗಾರ. ಕಲತಾಂವ ನೀ ಹೇಳಿದ ಮ್ಯಾಲ ಇನ್ನ ನಂದೇನ ಐತಿ," ಎಂದು ಅವನು ರೇಡಿಯೇಟರ್ ಜೋಡಿಸಿದ.

ಅವನ ಕೈಗೆ ಗೊತ್ತಿತ್ತು ನೋಡಿ. ಏಳೆಂಟು ವರ್ಷ ತಂತಿ ಸುತ್ತಿದ ಕೈ. ಆ ಕೈಯ ಮಾತನ್ನು ಅವನು ಬದಿಗಿಟ್ಟು ನನ್ನ ಮಾತು ಹಿಡಿದ. ನಾಲ್ಕು ಮಂದಿ ನಂಬುವ ಮನುಷ್ಯನಾಗಲಿ ಎಂದೇ ಅಪ್ಪ ನನ್ನನ್ನು ಓದಿಸಿದ್ದು. ನಂಬಿದರು.

ಅದನ್ನು ಚಾಲೂ ಮಾಡಿದ ದಿನ ಅಡಿವೆಪ್ಪನ ಅವ್ವ ಊರಿಂದ ಬಂದಿದ್ದಳು. ಬೋರಿಗೆ ನೀರು ಬಿದ್ದಾಗ ಗಂಗೆ ಪೂಜೆ ಮಾಡದೆ ನೀರು ಎತ್ತುತ್ತಾರೆಯೇ, ಕಂಪ್ಯೂಟರಾದರೇನಾಯಿತು. ಡಬ್ಬಿಯ ಮುಂದೆ ಐದು ಹರಳು ಇಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿದಳು. ಅಡಿವೆಪ್ಪ ಪೈಪಿನ ಒಂದೊಂದು ಸಂದಿಗೂ ವಿಭೂತಿ ಬಳಿದ. ಅದು ಭಕ್ತಿಯಲ್ಲ, ಎಲ್ಲಿಯಾದರೂ ಜಿನುಗಿದರೆ ವಿಭೂತಿ ಕಪ್ಪಾಗಿ ಕಾಣುತ್ತದೆ. ಆಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಕ್ಯಾನು ತಂದು ನನ್ನ ಕೈಗೆ ಕೊಟ್ಟ.

"ಮೊದಲ ನೀರ ಸರ ಹಾಕಲಿ."

"ಹೌದ ಹಾಕಪಾ," ಎಂದಳು ಅವನ ಅವ್ವ. "ಊರಾಗ ಕಲತಾಂವ ಅಂದ್ರ ನೀ ಒಬ್ಬನ."

ಹಾಕಿದೆ. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಯಂತ್ರ ಓಡಿತು. ಗಾಜಿನ ಹಿಂದೆ ಹಸಿರು ಡಬ್ಬಿಯಲ್ಲಿ ಒಂದು ಗುಳ್ಳೆ ನಳಿಗೆಯ ತುಂಬ ಸುತ್ತಿ ಸುತ್ತಿ ಬರುತ್ತಿತ್ತು. ಹೊರಗೆ ಬಿಸಿಲು ಡಾಂಬರನ್ನು ಕರಗಿಸುತ್ತಿರುವಾಗ ಕಾರಿನಾಟ ಮೂರಲ್ಲ, ಮೂವತ್ತು ಸುತ್ತು ಓಡಿತು. ಕಿತ್ತೂರು, ರಾಮದುರ್ಗದಿಂದ ಹುಡುಗರು ಬಂದು ನೋಡಿ ಹೋದರು. 'ನೀರು ಕುಡಿಯೂ ಕಂಪ್ಯೂಟರ್' ಎಲ್ಲಿ ಎಂದು ನನ್ನ ಮೆಟ್ಟಿಲ ಬಳಿ ಬಂದು ನನ್ನನ್ನೇ ಕೇಳುತ್ತಿದ್ದರು. ಬೆರಳು ತೋರಿಸುತ್ತಿದ್ದೆ. ದಿನಕ್ಕೆ ಎರಡು ಸಲ ಏನಾದರೊಂದು ನೆವ ಹೇಳಿ ಕೆಳಗಿಳಿದು ನಳಿಗೆಯ ನೀರು ಬೆಳ್ಳಗಾಗಿದೆಯೇ ಎಂದು ನೋಡಿ ಬರುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿರಲಿಲ್ಲ.

ದಸರೆಗೆ ಮುಂಚೆ ಅದು ನಿಂತಿತು. ರೇಡಿಯೇಟರಿನೊಳಗೆ ಬಿಳಿ ರಾಡಿ ಕಟ್ಟಿಕೊಂಡು, ನೀರು ಹೋಗಲು ದಾರಿಯಿಲ್ಲದೆ ನಳಿಗೆ ಕಳಚಿ, ಎಲ್ಲ ನೀರೂ ಕಂಪ್ಯೂಟರಿನ ಮೇಲೆ ಸುರಿದಿತ್ತು. ನಾನು ಹೋಗುವಷ್ಟರಲ್ಲಿ ಅಡಿವೆಪ್ಪ ಬಿಚ್ಚಿ ಹರವಿಕೊಂಡು ಕೂತಿದ್ದ. ಆ ರಾಡಿಯನ್ನು ಎರಡು ಬೆರಳ ನಡುವೆ ತಿಕ್ಕಿದ.

"ಅದ ಪುಡಿ," ಎಂದ. ಸುತ್ತ ನಿಂತವರ ಕಡೆ ನೋಡಿ ಹೇಳಿದ: "ಹೋಗ್ರಿ, ಹೋಗ್ರಿ. ಕಲೀದಾವ್ರು ಇಂಥಾದ್ದಕ್ಕ ಕೈ ಹಾಕಿದ್ರ ಹಿಂಗ ಆಗೂದು."

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಬರೆಯುವುದಿಲ್ಲ, ಆಯಿತು. ಮೆಟ್ಟಿಲು ಹತ್ತಿ ಮೇಲೆ ಬರುವ ತನಕ ಇತ್ತು. ಬಾಗಿಲಿನ ಎದುರಿಗೆ ಗಾಜಿನೊಳಗಿನ ಡಿಗ್ರಿ ಕಂಡೊಡನೆ ಹೋಯಿತು. ಹಿಂದೆಯೇ ಅವನು ಬಂದು ಹೊಸ್ತಿಲ ಹೊರಗೆ ನಿಂತ. "ಆ ಆರೂ ಹಾಳಿ ಕೊಡು," ಎಂದ. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಕೊಟ್ಟೆ.

ಮರುವರ್ಷ ಅವನು ಇನ್ನೊಂದು ಕಟ್ಟಿದ. ಹಳೆಯ ಟ್ರ್ಯಾಕ್ಟರಿನ ತಾಮ್ರದ ರೇಡಿಯೇಟರನ್ನು ಕತ್ತರಿಸಿ ಬೆಸೆದದ್ದು. ಅದು ವರ್ಷಗಟ್ಟಲೆ ಓಡಿತಂತೆ. ಓಡಿತಂತೆ ಎನ್ನುತ್ತೇನೆ, ಏಕೆಂದರೆ ಓದಲು ನನ್ನನ್ನು ಅವನು ಮತ್ತೆ ಕರೆಯಲಿಲ್ಲ. ಎದುರು ಸಿಕ್ಕರೆ ಚಹಾ ಕುಡಿಸುತ್ತಿದ್ದ, ಊರಿನ ಸುದ್ದಿ ಹೇಳುತ್ತಿದ್ದ, 'ಸರ' ಅನ್ನುತ್ತಿದ್ದ. ಮನೆಗೆ ಬಂದ ಕಾಗದ, ಬ್ಯಾಂಕಿನ ನೋಟೀಸು, ಪಂಪಿನ ಕಂಪನಿಯ ಪುಸ್ತಕ, ಒಂದನ್ನೂ ನನ್ನ ಮುಂದೆ ಹಿಡಿಯಲಿಲ್ಲ. ನನಗೆ ಸವದತ್ತಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಕ್ಲಾಸು ಮುಚ್ಚಿ ಇಲ್ಲಿಗೆ ಬಂದೆ.

ಈ ಹೊಸ ಅಂಗಡಿಯ ವಾರ್ನಿಶ್ ವಾಸನೆಯನ್ನು ಒಂದು ತಿಂಗಳು ತಡೆದೆ. ಹೋದ ರವಿವಾರ ತಡೆಯಲಾಗಲಿಲ್ಲ. ಬೈಲಹೊಂಗಲದ ಬಸ್ಸು ಹತ್ತಿದೆ.

ಅಡಿವೆಪ್ಪ ಕನ್ನಡಕ ಹಾಕಿಕೊಂಡು ತಂತಿ ಸುತ್ತುತ್ತಿದ್ದ. ಕಣ್ಣಲ್ಲೇ ಸ್ಟೂಲು ತೋರಿಸಿದ. ಕೂತೆ. ಊರು, ಕೇರಿ, ಮೊಣಕಾಲು ನೋವು ಎಲ್ಲ ಆದ ಮೇಲೆ ಹೇಳಿದೆ.

"ಅಡಿವೆಪ್ಪ, ಆವತ್ತ ಹಾಳ್ಯಾಗ ಬರದಿತ್ತು."

ಅವನ ಕೈ ನಿಲ್ಲಲಿಲ್ಲ. ಸುತ್ತು ಎಣಿಸುವಾಗ ನಿಂತರೆ ಎಣಿಕೆ ತಪ್ಪುತ್ತದೆ. ಆ ಸುರುಳಿ ಮುಗಿಸಿ, ತುದಿಗೆ ದಾರ ಕಟ್ಟಿ, ಆಮೇಲೆ ಹೇಳಿದ:

"ನಾಕನೇ ಹಾಳಿ. ಕೆಳಗಿನ ಐದ ಸಾಲು."

"ಗೊತ್ತಿತ್ತೇನು ನಿನಗ?"

"ಆವಾಗ ಎಲ್ಲಿ ಗೊತ್ತು. ಆಮ್ಯಾಲ ಡಿಕ್ಷನರಿ ತೊಗೊಂಡು ಓದಿದ್ನಿ. ದಿನಾ ಒಂದೆರಡ ಶಬ್ದ. ಆರೂ ಹಾಳಿ ಮುಗಿಯಾಕ ಎಂಟ ತಿಂಗಳ ಹಿಡೀತು."

"ನನ್ನ ಕೇಳಬೇಕಿಲ್ಲೋ," ಎಂದೆ. ಬಾಯಿಂದ ಬಂದುಬಿಟ್ಟಿತು.

"ಒಮ್ಮಿ ಕೇಳಿದ್ನೆಲ್ಲೋ."

ಸುತ್ತಿದ ಸುರುಳಿಯನ್ನು ಬದಿಗಿಟ್ಟು ಅವನು ನನ್ನ ಕಡೆ ತಿರುಗಿದ.

"ಯಾಕ ಹಂಗ ಮಾಡಿದಿ?"

"ಹೊಟ್ಟಿಕಿಚ್ಚು."

"ಯಾರ ಮ್ಯಾಲ?"

"ನಿನ್ನ ಮ್ಯಾಲ."

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. ಇಷ್ಟು ವರ್ಷ ಅವನಿಗೆ ಇದೊಂದು ಹೊಳೆದೇ ಇರಲಿಲ್ಲ ಎಂದು ಮುಖದ ಮೇಲೆ ಕಂಡಿತು. ನಾನು ಆಲಸ್ಯಕ್ಕೆ ಸರಿಯಾಗಿ ಓದಲಿಲ್ಲ ಎಂದೋ, ನನಗೇ ಅರ್ಥವಾಗಿರಲಿಲ್ಲ ಎಂದೋ ತಿಳಿದಿದ್ದನೋ ಏನೋ. ಒಳಗಿನ ಕೋಣೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿ ಹೇಳಿದ: "ಕೇಳಿದೇನ? ಬಿ.ಎಸ್ಸಿ. ಮಾಡಿದಾಂವಗ ನನ್ನ ಮ್ಯಾಲ ಹೊಟ್ಟಿಕಿಚ್ಚಂತ." ಒಳಗಿಂದ, "ಇಬ್ಬರಿಗೂ ಚಾ ಇಡ್ಲೇನು?" ಎಂದಷ್ಟೇ ಉತ್ತರ ಬಂತು.

ನಗುತ್ತಾನೆಂದು ಕಾದೆ. ನಗಲಿಲ್ಲ. ಸಾಲಿಯಲ್ಲಿ ಎದ್ದು ನಿಂತು ಒಪ್ಪಿಸುವವನಂತೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡ.

"ಕೇಳು. ತಾಮ್ರ, ಅಲ್ಯೂಮಿನಿಯಂ ಒಂದ ನೀರಿನ್ಯಾಗ ಕೂಡಿಸಬ್ಯಾಡ್ರಿ. ಕೂಡಿಸಿದ್ರ ಒಂದು ಇನ್ನೊಂದನ್ನ ತಿಂತೈತಿ. ಹೊರಗ ನೋಡಾಕ ಏನೂ ಕಾಣಂಗಿಲ್ಲ. ಗೊತ್ತಾಗೂದ್ರಾಗ ಹೊತ್ತ ಮೀರಿರತೈತಿ." ಒಪ್ಪಿಸಿ ಮುಗಿಸಿ ಕೇಳಿದ: "ಬರೋಬ್ಬರಿ ಹೇಳಿದ್ನೇನು, ಸರ?"

"ಬರೋಬ್ಬರಿ," ಎಂದೆ. ಆ ಐದು ಸಾಲಿನಲ್ಲಿ ಏನಿದೆ ಎಂಬ ಬಗ್ಗೆ ನಾನು ಅವನಿಗೆ ಹೇಳಿದ ಮೊದಲ ನಿಜ ಅದು.

ಅವನು ಕನ್ನಡಕ ಏರಿಸಿ ಹೊಸ ಸುರುಳಿಗೆ ತಂತಿ ಹಿಡಿದ. ಹೋಗು ಎನ್ನಲಿಲ್ಲ, ಕೂಡು ಎಂದೂ ಅನ್ನಲಿಲ್ಲ. ತಂತಿಯ ಕಡೆ ನೋಡದೆಯೇ ಅವನ ಬೆರಳುಗಳು ಎಣಿಸುತ್ತ ಹೋದವು. ನೋಡುತ್ತ ನೋಡುತ್ತ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಅವನಿಗೆ ಹೇಳಿಯಾಗಿತ್ತು, ಈ ಸಲ ಅದನ್ನು ಮುಚ್ಚಿಕೊಂಡು ಕೂಡುವ ಕೆಲಸ ಇರಲಿಲ್ಲ.