ನನ್ನ ಗೇಟಿನತ್ತ ತಿರುಗಿದ ಕ್ಯಾಮೆರಾ

ಚಿಕ್ಕಪ್ಪನ ಮಗ ತನ್ನ ಮನೆಯ ಮೂಲೆಗೆ ಹಾಕಿಸಿದ ಕ್ಯಾಮೆರಾ ನೋಡುತ್ತಿದ್ದುದು ಅವನ ಗೇಟನ್ನಲ್ಲ, ನನ್ನ ಗೇಟನ್ನು. ಅಬ್ಬಿಗೆರೆಯಲ್ಲಿ ನಮ್ಮಿಬ್ಬರ ಮನೆಗಳೂ ಎದುರುಬದುರು. ಕಳ್ಳರ ಕಾಟ ಜಾಸ್ತಿಯಾಗಿದೆ, ಒಂಟಿ ಹೆಂಗಸಾದ ನನಗೂ ಒಳ್ಳೆಯದೇ ಎಂದ. ನನ್ನ ಮನೆಯಲ್ಲಿ ಕದಿಯಬಹುದಾದದ್ದು ಒಂದು ಹಳೆಯ ಮಿಕ್ಸಿ, ಅದೂ ಕೆಟ್ಟಿತ್ತು.

ನಿಜವಾದ ಕಾರಣ ಕಾಲುವೆ. ಕೆರೆಗೆ ನೀರು ತರುತ್ತಿದ್ದ ಕಾಲುವೆಗೆ ಅವನು ಲಾರಿಗಟ್ಟಲೆ ಮಣ್ಣು ಸುರಿಸಿ ಸೈಟು ಮಾಡಲು ಹೊರಟಿದ್ದ. ನಾನು ಅದರ ಫೋಟೊ ತೆಗೆದು, ನಾಲ್ಕು ಸಾಲು ಬರೆದು ಇಂಟರ್‌ನೆಟ್ಟಿಗೆ ಹಾಕಿದೆ. ಹೆಸರು ಬರೆದಿರಲಿಲ್ಲ. ಆದರೆ ಅದು ಯಾರ ಜಮೀನಿನ ಪಕ್ಕದ ಕಾಲುವೆ ಎಂದು ಊರಿಗೆಲ್ಲ ಗೊತ್ತು. ಅವನು ಬಂದು ಕಾಫಿ ಕುಡಿದು, ಅಳಿಸಿಬಿಡು ಎಂದು ಮರ್ಯಾದೆಯಿಂದಲೇ ಕೇಳಿದ. ಬರೆದದ್ದರಲ್ಲಿ ಸುಳ್ಳು ಯಾವುದು ತೋರಿಸು, ಅದನ್ನು ಅಳಿಸುತ್ತೇನೆ ಎಂದೆ. ಲೋಟ ಕೆಳಗಿಟ್ಟು ಎದ್ದುಹೋದ. ಅದೇ ಸಂಜೆ ಕುಟುಂಬದ ಗ್ರೂಪಿನಿಂದ ನನ್ನನ್ನು ತೆಗೆದರು. ಕ್ಯಾಮೆರಾ ಬಂದದ್ದು ಅದಾದ ಮೇಲೆ.

ಅಲ್ಲಿಯವರೆಗೆ ಅವನ ಹೆಂಡತಿ ದಿನಾ ಸಂಜೆ ನನ್ನ ಅಡುಗೆಮನೆಗೆ ಬರುತ್ತಿದ್ದಳು. ಸೊಪ್ಪು ಬಿಡಿಸುತ್ತಾ ಗಂಡನನ್ನು ಮನಸಾರೆ ಬೈದು, ಹಗುರಾಗಿ ಮನೆಗೆ ಹೋಗುತ್ತಿದ್ದಳು. ನನ್ನ ಗೇಟು ಅವನ ಫೋನಿನಲ್ಲಿ ಕಾಣುತ್ತದೆಂದು ಗೊತ್ತಾದ ಮೇಲೆ ಬರುವುದನ್ನು ನಿಲ್ಲಿಸಿದಳು. ಬೀದಿಯ ಅರ್ಧ ಮನೆಗಳು ಅವನವೇ; ಬಾಡಿಗೆಗಿದ್ದವರೂ ದೂರ ಸರಿದರು. ಯಾರೂ ನನ್ನನ್ನು ಬೈಯಲಿಲ್ಲ, ಹೆದರಿಸಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು, ಅದರಲ್ಲಿ ನಾನೇನು ಕಮ್ಮಿಯಿಲ್ಲ. ಸಿಟ್ಟು ಬಂದಾಗ ಟಿವಿಯಲ್ಲಿ ವಾರ್ತೆ ಓದುವವರ ಜೊತೆ ಜಗಳವಾಡುತ್ತಿದ್ದೆ. ಮನುಷ್ಯರ ದನಿಗಾಗಿ ಜೀವ ಹಾತೊರೆಯುತ್ತಿತ್ತು.

ನಮ್ಮ ಕಡೆ ಸಾವಿನ ಸುದ್ದಿಯನ್ನು ಬಾಗಿಲಿಗೆ ಬಂದು ಹೇಳಬೇಕು. ಮಾತು ಬಿಟ್ಟ ಮನೆಗೂ ಒಬ್ಬರು ಹೋಗಿ, ಒಳಗೆ ಬರದೆ, ಹೊಸ್ತಿಲಾಚೆ ನಿಂತು ಹೇಳಿ ಬರುತ್ತಿದ್ದರು. ಫೋನಿನ ಗ್ರೂಪು ಬಂದ ಮೇಲೆ ಆ ಕೆಲಸವನ್ನು ಅದಕ್ಕೇ ವಹಿಸಿಬಿಟ್ಟಿದ್ದರು. ಅಲ್ಲಿ ಹಾಕಿದರೆ ಎಲ್ಲರಿಗೂ ಹೇಳಿದಂತೆ.

ಒಂದು ಮಧ್ಯಾಹ್ನ ಅವನ ಹೆಂಡತಿ ನನ್ನ ಕಾಂಪೌಂಡಿನ ಪಕ್ಕ ಬಂದು ಬೆನ್ನು ತಿರುಗಿಸಿ ನಿಂತಳು. ಫೋನು ಕಿವಿಗೆ ಒತ್ತಿಕೊಂಡಿದ್ದಳು. ಯಾರೊಡನೆಯೋ ಮಾತಾಡುತ್ತಿದ್ದಾಳೆ ಎಂದುಕೊಂಡು ನಾನು ಕಿಟಕಿಯ ಒಳಗೇ ನಿಂತೆ. ಕ್ಯಾಮೆರಾದಲ್ಲಿ ಚಿತ್ರ ಮಾತ್ರ ಬರುತ್ತದೆ, ದನಿ ಬರುವುದಿಲ್ಲ ಎಂದು ಅವಳಿಗೆ ತಿಳಿದಿತ್ತು.

"ಅಕ್ಕಾ, ನಿಮ್ಗೇ ಹೇಳ್ತಿರೋದು. ತಿರುಗಲ್ಲ, ಕೇಳಿಸ್ಕೊಳಿ. ರಾಜಾನುಕುಂಟೆ ಅತ್ತೆ ಹೋಗ್ಬಿಟ್ರು. ನೆನ್ನೆ ಹಾಲುತುಪ್ಪಾನೂ ಆಯ್ತು."

ರಾಜಾನುಕುಂಟೆಯವರು ನನ್ನ ಸೋದರತ್ತೆ, ತಾಯಿಯಿಲ್ಲದ ನನಗೆ ತಲೆ ಬಾಚಿ ಜಡೆ ಹಾಕಿದವರು. ಅವರನ್ನು ಮಣ್ಣು ಮಾಡಿ, ಮೂರನೆಯ ದಿನ ಗುಂಡಿಯ ಮೇಲೆ ಹಾಲುತುಪ್ಪ ಬಿಟ್ಟು ಎಲ್ಲರೂ ಊಟ ಮಾಡಿ ಎದ್ದಿದ್ದರು. ನಾನು ಇಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಯಾರೂ ಯಾಕೆ ಬಂದು ಹೇಳಲಿಲ್ಲ ಎಂದು ಕೇಳಿದೆ. ಗ್ರೂಪಿನಲ್ಲಿ ಹಾಕಿದ್ದರು, ನೀವು ಅದರಲ್ಲಿಲ್ಲ ಅನ್ನೋದು ನೆನಪಾದವರಿಗೂ ನಿಮ್ಮ ಗೇಟು ತೆಗೆಯುವ ಧೈರ್ಯ ಬರಲಿಲ್ಲ ಎಂದಳು. ನಾನು ಅಳುವುದು ಅವಳಿಗೆ ಕೇಳಿಸಿತು. ಅವಳ ಭುಜವೂ ಅಲುಗುತ್ತಿತ್ತು, ಮುಖ ಮಾತ್ರ ಬೀದಿಯ ಕಡೆಗೇ.

"ಆ ಬರೆದಿರೋದನ್ನ ಅಳಿಸ್ಬಿಡಿ ಅಕ್ಕ," ಎಂದಳು. "ಈಗ್ಲೇ ಒಳಗ್ ಬರ್ತೀನಿ."

ಹೂಂ ಎನ್ನುವ ಮಾತು ಬಾಯಿಯವರೆಗೂ ಬಂದಿತ್ತು. ಅವಳು ಒಳಗೆ ಬಂದು ಪಕ್ಕದಲ್ಲಿ ಕೂತರೆ ಸಾಕು ಎನ್ನಿಸಿತ್ತು. ಆದರೆ ಕಾಲುವೆ ಇದ್ದದ್ದು ನಿಜ, ಅದನ್ನು ಮುಚ್ಚಿದ್ದೂ ನಿಜ.

"ಆಗಲ್ಲ ಕಣೇ," ಎಂದೆ.

"ಸರಿ ಅಕ್ಕ, ಇಡ್ತೀನಿ," ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು, ಬೀದಿ ದಾಟಿ ಹೋದಳು.